ಮಿನಿ ಟ್ರ್ಯಾಕ್ಟರಿಗೆ ಸ್ಲಾಶರ್: ಅಳೆದು ಕೊಳ್ಳುವುದು, ಹೊಂದಿಸಿ ಓಡಿಸುವುದು

ಮಳೆ ಹಿಡಿದ ಮೇಲೆ ಕಾಸರಗೋಡಿನ ಗುಡ್ಡೆಗಳಲ್ಲಿ ಕಾಡು ಏಳುವುದಕ್ಕೆ ಹೆಚ್ಚು ದಿನ ಬೇಡ. ಮುಳಿಹುಲ್ಲು, ಕಮ್ಯುನಿಸ್ಟ್ ಗಿಡ, ನಾಚಿಕೆಮುಳ್ಳು, ರಬ್ಬರ್ ತೋಟವಾದರೆ ಮುಕುನ ಬಳ್ಳಿ. ಹೆಗಲಿಗೆ ಹಾಕುವ ಯಂತ್ರದಲ್ಲಿ ಹೆರೆಸೋಣವೆಂದರೆ ಆಳು ಸಿಗುವುದಿಲ್ಲ. ಆದ್ದರಿಂದ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡವರೆಲ್ಲ ಒಮ್ಮೆಯಾದರೂ ಹಿಂದೆ ಕಟ್ಟಿ ಕಾಡು ಕತ್ತರಿಸುವ ರೋಟರಿ ಸ್ಲಾಶರಿನ ಬಗ್ಗೆ ವಿಚಾರಿಸಿಯೇ ಇರುತ್ತಾರೆ. ಈ ಯಂತ್ರದಲ್ಲಿ ಇರುವ ಭಾಗಗಳು ನಾಲ್ಕೇ: ಬ್ಲೇಡುಗಳನ್ನು ಮೇಲಿನಿಂದ ಮುಚ್ಚುವ ತಗಡಿನ ಡೆಕ್, ಗೇರ್‌ಬಾಕ್ಸ್, ತಿರುಗುವ ಎರಡು ಬ್ಲೇಡು, ಹಿಂದೊಂದು ಸಣ್ಣ ಚಕ್ರ. ಆದರೂ ಮೊದಲ ವರ್ಷವೇ ಶಾಫ್ಟ್ ಬಾಗಿತು, ಗೇರ್‌ಬಾಕ್ಸ್ ಒಡೆಯಿತು ಎಂಬ ದೂರುಗಳು ಕೇಳಿಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಅಳತೆ ತಪ್ಪಿದ್ದರಿಂದ ಆದವು.

ಎಷ್ಟು ಅಡಿಯದು ಬೇಕು?

ಟ್ರ್ಯಾಕ್ಟರಿನ ಬಾನೆಟ್ ಮೇಲೆ ಬರೆದಿರುವುದು ಎಂಜಿನ್ನಿನ ಎಚ್‌ಪಿ. ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸಲು ಟ್ರ್ಯಾಕ್ಟರಿನ ಹಿಂಭಾಗದಲ್ಲಿರುವ ಪಿಟಿಒ ಶಾಫ್ಟಿಗೆ ಬಂದು ಮುಟ್ಟುವುದು ಅದರ ನೂರಕ್ಕೆ 80-85 ಪಾಲು ಮಾತ್ರ. ಕತ್ತರಿಸುವ ಅಗಲದ ಪ್ರತಿ ಅಡಿಗೆ ಪಿಟಿಒದಲ್ಲಿ 5 ಎಚ್‌ಪಿ ಎಂದು ಹಿಡಿದರೆ ಹುಲ್ಲಿಗೂ ಹಸಿ ಗಿಡಗಳಿಗೂ ಲೆಕ್ಕ ಸರಿಹೋಗುತ್ತದೆ. 24 ಎಚ್‌ಪಿ ಟ್ರ್ಯಾಕ್ಟರಿನ ಪಿಟಿಒದಲ್ಲಿ ಸಿಗುವುದು ಸುಮಾರು 20, ಅಂದರೆ 4 ಅಡಿ. 18 ಎಚ್‌ಪಿಯದಕ್ಕೆ 3 ಅಡಿಯೇ ಸರಿ. 28 ಎಚ್‌ಪಿಗೆ 5 ಅಡಿ ಕಟ್ಟಬಹುದು, ಆದರೆ ಬರೀ ಹುಲ್ಲಿಗೆ. ಹೆಬ್ಬೆರಳು ದಪ್ಪದ ಕಮ್ಯುನಿಸ್ಟ್ ಗಿಡಗಳ ಹಿಂಡಲಿಗೆ ನುಗ್ಗಿಸಿದರೆ ಎಂಜಿನ್ ಹೊಗೆ ಕಾರುತ್ತದೆ.

ಅಗಲ ಕಡಿಮೆ ಮಾಡುವುದಕ್ಕೂ ಮಿತಿ ಇದೆ. ಹಿಂದಿನ ಎರಡು ಟಯರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿಯಿರಿ. ಸ್ಲಾಶರ್ ಅದಕ್ಕಿಂತ ಕಿರಿದಾಗಿದ್ದರೆ ಚಕ್ರ ತುಳಿದ ಹುಲ್ಲು ಬ್ಲೇಡಿಗೆ ಸಿಗದೆ ಉಳಿದು, ಮರುದಿನ ಎದ್ದು ನಿಲ್ಲುತ್ತದೆ.

ಇನ್ನು ತೋಟದ ಲೆಕ್ಕ. ತೆಂಗನ್ನು 7.5 ಮೀಟರ್ ಅಂತರದಲ್ಲಿ ನೆಟ್ಟು, ಬುಡದ ಸುತ್ತ 1.8 ಮೀಟರ್ ಪಾತಿ ಬಿಟ್ಟರೆ ಎರಡು ಸಾಲುಗಳ ನಡುವೆ 3.9 ಮೀಟರ್ ಉಳಿಯುತ್ತದೆ. ಒಂದರ ಮೇಲೊಂದು ಅರ್ಧ ಅಡಿ ಹಾಯಿಸಿಕೊಂಡು ಹೋದರೆ 4 ಅಡಿಯ ಸ್ಲಾಶರಿಗೆ ಇದು ನಾಲ್ಕು ಓಟ, 5 ಅಡಿಯದಕ್ಕೆ ಮೂರು. ಅಡಿಕೆ ತೋಟದ ಕಥೆ ಬೇರೆ. 2.7 ಮೀಟರ್ ಅಂತರ, ಎರಡೂ ಕಡೆ ಮುಕ್ಕಾಲು ಮೀಟರ್ ಬುಡ ಬಿಟ್ಟರೆ ಉಳಿಯುವುದು 1.2 ಮೀಟರ್. ಅದರಲ್ಲೇ ಕಣಿ, ಅದರಲ್ಲೇ ಡ್ರಿಪ್ ಪೈಪು. ಅಡಿಕೆ ತೋಟಕ್ಕೆಂದೇ ಸ್ಲಾಶರ್ ಕೊಳ್ಳುವುದು ಬೇಡ. ಅಲ್ಲಿ ಹೆಗಲ ಯಂತ್ರವೇ ವಾಸಿ. ಗೇರು ಗುಡ್ಡೆ, ತೆಂಗು, ರಬ್ಬರ್, ಖಾಲಿ ಬಿದ್ದ ಬಯಲು ಇದ್ದವರಿಗೆ ಇದು ಹೇಳಿ ಮಾಡಿಸಿದ್ದು.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮುರಕಲ್ಲಿನ ನೆಲಕ್ಕೆ ನಮ್ಮ ಸಲಹೆ ಇಷ್ಟು: ತೆಳು ತಗಡಿನ 5 ಅಡಿಯದನ್ನು ಬಿಟ್ಟು, ಅದೇ ಹಣಕ್ಕೆ ದಪ್ಪ ತಗಡಿನ 4 ಅಡಿಯದನ್ನು ತೆಗೆದುಕೊಳ್ಳಿ.

ಅಂಗಡಿಯಲ್ಲಿ ಬಗ್ಗಿ ನೋಡಬೇಕಾದ್ದು

ಡೆಕ್ಕಿನ ತಗಡು ಕನಿಷ್ಠ 3 ಮಿ.ಮೀ. ಇರಲಿ. ಬ್ಲೇಡುಗಳ ನಡುವೆ, ಗೇರ್‌ಬಾಕ್ಸಿನ ಅಡಿಯಲ್ಲಿ, ಬಾಣಲೆಯಾಕಾರದ ದಪ್ಪ ತಟ್ಟೆ ಇರಬೇಕು. ಕಡಿದ ಮರದ ಬೊಡ್ಡೆಯೋ ತಲೆ ಎತ್ತಿದ ಕಲ್ಲೋ ಸಿಕ್ಕಿದಾಗ ಆ ತಟ್ಟೆ ಅದರ ಮೇಲೆ ಜಾರುತ್ತದೆ, ಗೇರ್‌ಬಾಕ್ಸಿನ ಶಾಫ್ಟ್ ಉಳಿಯುತ್ತದೆ. ಬರೀ ಅಡ್ಡ ಪಟ್ಟಿಗೆ ಬ್ಲೇಡು ಜೋಡಿಸಿದ ಮಾದರಿಗಳು ಅಗ್ಗ; ಗದ್ದೆಯ ಹುಲ್ಲಿಗೆ ಸಾಕು, ಗುಡ್ಡೆಗೆ ಬೇಡ. ಬ್ಲೇಡು ಬೋಲ್ಟಿನ ಸುತ್ತ ಸಡಿಲವಾಗಿ ಆಡುವಂತಿರಬೇಕು. ಗಟ್ಟಿ ತಾಗಿದಾಗ ಹಿಂದಕ್ಕೆ ಮಡಚಿಕೊಳ್ಳುವುದೇ ಅದರ ರಕ್ಷಣೆ.

ಡೆಕ್ಕಿನ ಮುಂದೆಯೂ ಹಿಂದೆಯೂ ಸಂಕೋಲೆಯ ಪರದೆ ಇದೆಯೇ ನೋಡಿ. ಹೆಚ್ಚಿನವರು ಇದನ್ನು ಬೇಡವೆಂದು ಬಿಡಿಸಿ ನಾಲ್ಕು ಕಾಸು ಉಳಿಸುತ್ತಾರೆ. ಬ್ಲೇಡಿನ ತುದಿ ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿ ಓಡುತ್ತದೆ. ಮುರಕಲ್ಲಿನ ಚೂರು ಅದಕ್ಕೆ ಸಿಕ್ಕಿದರೆ ಎಲ್ಲಿಗೆ ಹಾರಿತೆಂದು ಕಾಣುವುದೂ ಇಲ್ಲ.

ಟ್ರ್ಯಾಕ್ಟರಿಗೆ ಸ್ಲಾಶರ್ ಕಟ್ಟುವ ಮೂರು ತೋಳುಗಳ, ಅಂದರೆ ಲಿಂಕೇಜಿನ, ಅಳತೆ ಇನ್ನೊಂದು. ಮಿನಿ ಟ್ರ್ಯಾಕ್ಟರುಗಳಲ್ಲಿ ಕೆಟಗರಿ 1 ಮತ್ತು ಅದರ ಕಿರಿದಾದ ರೂಪ 1ಎನ್ ಎರಡೂ ಇವೆ. ಎರಡರಲ್ಲೂ ಕೆಳಗಿನ ತೋಳಿನ ಪಿನ್ನು 22 ಮಿ.ಮೀ., ಮೇಲಿನ ತೋಳಾದ ಟಾಪ್ ಲಿಂಕಿನದು 19 ಮಿ.ಮೀ.; ಆದರೆ ಎರಡು ತೋಳುಗಳ ನಡುವಿನ ಅಂತರ ಬೇರೆ. ಟ್ರ್ಯಾಕ್ಟರನ್ನೇ ಅಂಗಡಿಗೆ ಒಯ್ದು ಕಟ್ಟಿಸಿ ನೋಡುವುದು ಉತ್ತಮ. ಎತ್ತುವ ಶಕ್ತಿಯನ್ನೂ ನಂಬಿಬಿಡಬೇಡಿ. ಕಂಪೆನಿ ಹೇಳುವ ಕಿಲೋ ಲೆಕ್ಕ ತೋಳಿನ ತುದಿಯಲ್ಲಿ ಅಥವಾ ಅಲ್ಲಿಂದ 610 ಮಿ.ಮೀ. ಹಿಂದೆ ಅಳೆದದ್ದು. ಸ್ಲಾಶರಿನ ಭಾರ ಅದಕ್ಕಿಂತಲೂ ಹಿಂದಕ್ಕಿರುತ್ತದೆ. 4 ಅಡಿಯದೊಂದು 200 ಕಿಲೋ ಆಸುಪಾಸು ತೂಗಿದರೂ ಏರು ಹತ್ತುವಾಗ ಮುಂದಿನ ಚಕ್ರ ಹಗುರವಾಗಿ ಸ್ಟಿಯರಿಂಗ್ ಕೇಳದೆ ಹೋಗಬಹುದು. ಮುಂದೆ ತೂಕದ ಗುಂಡು ಕಟ್ಟಿ.

ಸಬ್ಸಿಡಿ ಬೇಕಿದ್ದರೆ ಕೊಳ್ಳುವ ಮೊದಲೇ ಕೃಷಿಭವನದಲ್ಲಿ ವಿಚಾರಿಸಬೇಕು. ಬಿಲ್ಲು ಮಾಡಿಸಿ ಆಮೇಲೆ ಹೋದರೆ ಆಗುವುದಿಲ್ಲ.

ಕ್ಲಚ್ ತುಳಿದರೂ ನಿಲ್ಲದ ಟ್ರ್ಯಾಕ್ಟರ್

ಒಂದೇ ಕ್ಲಚ್ಚಿನ ಟ್ರ್ಯಾಕ್ಟರಿನಲ್ಲಿ ಚಕ್ರ ಮತ್ತು ಪಿಟಿಒ ಎರಡೂ ಗೇರ್‌ಬಾಕ್ಸಿನೊಳಗೆ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಕ್ಲಚ್ ತುಳಿದಾಗ ಎಂಜಿನ್ ಬಿಟ್ಟುಕೊಳ್ಳುತ್ತದೆ ನಿಜ, ಆದರೆ ತಿರುಗುತ್ತಿರುವ ಬ್ಲೇಡುಗಳ ಓಘ ಪಿಟಿಒ ಮೂಲಕ ಹಿಮ್ಮುಖವಾಗಿ ಬಂದು ಚಕ್ರವನ್ನು ಮುಂದಕ್ಕೆ ದೂಡುತ್ತದೆ. ಬರೆಯ ಅಂಚಿನಲ್ಲಿ ಹೀಗಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಟ್ರ್ಯಾಕ್ಟರಿಗೆ ಓವರ್‌ರನ್ ಕ್ಲಚ್ ಕಡ್ಡಾಯ: ಶಕ್ತಿಯನ್ನು ಟ್ರ್ಯಾಕ್ಟರಿನಿಂದ ಸ್ಲಾಶರಿಗೆ ಬಿಡುತ್ತದೆ, ಅಲ್ಲಿಂದ ಇಲ್ಲಿಗೆ ಬಿಡುವುದಿಲ್ಲ. ಪಿಟಿಒಗೆ ಪ್ರತ್ಯೇಕ ಕ್ಲಚ್ ಇದ್ದವರಿಗೆ ಇದು ಬೇಕಾಗುವುದಿಲ್ಲ. ಬಿಡಿಯಾಗಿ ತಂದು ಪಿಟಿಒಗೆ ಸಿಕ್ಕಿಸುವ ಬಗೆಯದಾದರೆ, ಟ್ರ್ಯಾಕ್ಟರಿನಿಂದ ಸ್ಲಾಶರಿಗೆ ಶಕ್ತಿ ಒಯ್ಯುವ ಶಾಫ್ಟಿನ ಉದ್ದಕ್ಕೆ ಮೂರು-ನಾಲ್ಕು ಇಂಚು ಸೇರುತ್ತದೆ. ಶಾಫ್ಟ್ ಕತ್ತರಿಸುವ ಮೊದಲೇ ಇದನ್ನು ಹಾಕಿಕೊಳ್ಳಿ.

ಶಾಫ್ಟ್ ಅಳೆಯುವುದು

ಶಾಫ್ಟ್ ಎಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ. ಹೊಸದು ಯಾವ ಟ್ರ್ಯಾಕ್ಟರಿಗೂ ಆಗಲಿ ಎಂದು ಉದ್ದವಾಗಿಯೇ ಬರುತ್ತದೆ. ಹಾಗೆಯೇ ಹೊಡೆದು ಕೂರಿಸಿದರೆ ಸ್ಲಾಶರ್ ಎತ್ತುವಾಗ ಒಳಕೊಳವೆ ತಳ ಮುಟ್ಟಿ, ಆ ಒತ್ತಡ ಒಂದು ಕಡೆ ಟ್ರ್ಯಾಕ್ಟರಿನ ಪಿಟಿಒ ಬೇರಿಂಗಿಗೂ ಇನ್ನೊಂದು ಕಡೆ ಗೇರ್‌ಬಾಕ್ಸಿಗೂ ಬೀಳುತ್ತದೆ. ಒಡೆಯುವುದು ಯಾವುದು ಎಂಬುದಷ್ಟೇ ಪ್ರಶ್ನೆ.

ಶಾಫ್ಟ್ ಹಾಕದೆ ಸ್ಲಾಶರನ್ನು ಮೂರು ಕಡೆ ಕಟ್ಟಿ. ನಿಧಾನ ಎತ್ತುತ್ತ, ಪಿಟಿಒ ಮತ್ತು ಗೇರ್‌ಬಾಕ್ಸಿನ ಶಾಫ್ಟುಗಳು ಅತಿ ಹತ್ತಿರ ಬರುವ ಎತ್ತರ ಹುಡುಕಿ. ಸಾಮಾನ್ಯವಾಗಿ ಎರಡೂ ಒಂದೇ ಮಟ್ಟದಲ್ಲಿ ನಿಂತಾಗ ಅದು ಸಿಗುತ್ತದೆ. ಡೆಕ್ಕಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಎಂಜಿನ್ ನಿಲ್ಲಿಸಿ, ಕೀಲಿ ಕಿಸೆಗೆ ಹಾಕಿಕೊಳ್ಳಿ. ಶಾಫ್ಟಿನ ಎರಡು ಭಾಗಗಳನ್ನು ಎಳೆದು ಬೇರ್ಪಡಿಸಿ, ಒಂದನ್ನು ಪಿಟಿಒಗೂ ಒಂದನ್ನು ಗೇರ್‌ಬಾಕ್ಸಿಗೂ ಸಿಕ್ಕಿಸಿ, ಪಕ್ಕಪಕ್ಕ ಹಿಡಿದು ಗುರುತು ಹಾಕಿ. ಒಂದರ ತುದಿ ಇನ್ನೊಂದರ ಬುಡಕ್ಕೆ ತಾಗಲು ಒಂದೂವರೆ ಇಂಚು ಬಾಕಿ ಇರುವಂತೆ ಕತ್ತರಿಸಬೇಕು. ಹೊರಕೊಳವೆ, ಒಳಕೊಳವೆ, ಎರಡರ ಪ್ಲಾಸ್ಟಿಕ್ ಕವಚ, ನಾಲ್ಕನ್ನೂ ಸರಿಸಮ ಉದ್ದ ಕತ್ತರಿಸಿ. ಅಂಚಿನ ಮುಳ್ಳುಗಳನ್ನು ಅರದಿಂದ ತೆಗೆದು, ಚೂರು ಒರಸಿ, ಗ್ರೀಸ್ ಹಚ್ಚಿ.

ಆಮೇಲೆ ಸ್ಲಾಶರನ್ನು ಪೂರ್ತಿ ಇಳಿಸಿ ಮತ್ತೆ ನೋಡಿ. ಅತಿ ಉದ್ದಕ್ಕೆ ಎಳೆದಾಗಲೂ ಕೊಳವೆಗಳು ತಮ್ಮ ಉದ್ದದ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಉಳಿದಿರಬೇಕು. ಎರಡು ತುದಿಗಳ ಕವಲುಗಳು ಒಂದೇ ಗೆರೆಯಲ್ಲಿ ಇರಲಿ; ಅಡ್ಡ ಕೂತರೆ ಶಾಫ್ಟ್ ಗಡಗಡ ನಡುಗುತ್ತದೆ, ಕವಲುಗಳನ್ನು ಕೂಡಿಸುವ ಕ್ರಾಸ್ ಬೇಗ ಸವೆಯುತ್ತದೆ. ಕೊನೆಗೆ, ಹೆಚ್ಚು ಮೇಲೇರದಂತೆ ಎತ್ತುವ ಲಿವರಿಗೆ ತಡೆ ಹಾಕಿ. ತಿರುಗುವಾಗ ಶಾಫ್ಟಿನ ಕೋನ 25 ಡಿಗ್ರಿ ದಾಟಬಾರದು.

ಅಂಗಳದಲ್ಲಿ ಮಟ್ಟ ಮಾಡುವುದು

ಸಿಮೆಂಟಿನ ಅಂಗಳ ಅಥವಾ ಗಟ್ಟಿ ಸಮನೆಲ ಬೇಕು. ಎರಡೂ ಹಿಂಟಯರುಗಳಲ್ಲಿ ಗಾಳಿ ಸಮ ಇರಲಿ, ಇಲ್ಲವಾದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಈ ಕೆಲಸ ಪೂರ್ತಿ ಎಂಜಿನ್ ನಿಲ್ಲಿಸಿ, ಕೈಗವಸು ಹಾಕಿ.

ಮೊದಲು ಎಡ-ಬಲ. ಡೆಕ್ಕಿನ ಎರಡೂ ಪಕ್ಕಗಳಿಂದ ನೆಲಕ್ಕೆ ಅಳೆದು, ಬಲಗಡೆಯ ತೋಳಿನ ತಿರುಪು ತಿರುಗಿಸಿ ಸಮ ಮಾಡಿ. ಕೆಳತೋಳುಗಳ ಪಕ್ಕದ ಸಂಕೋಲೆಗಳನ್ನು ಒಂದಿಂಚು ಆಟ ಉಳಿಯುವಷ್ಟು ಬಿಗಿಯಿರಿ. ಬಳಿಕ ಮುಂಭಾಗ. ಬ್ಲೇಡನ್ನು ಕೈಯಿಂದ ತಿರುಗಿಸಿ ಟ್ರ್ಯಾಕ್ಟರಿನ ಕಡೆಗೆ ತಂದು ಅದರ ತುದಿಯಿಂದ ನೆಲಕ್ಕೆ ಅಳೆಯಿರಿ. ಡೆಕ್ಕಿನ ಅಂಚಿನಿಂದ ಅಳೆದ ಲೆಕ್ಕ ಉಪಯೋಗಕ್ಕೆ ಬಾರದು. ಮುರಕಲ್ಲಿನ ಗುಡ್ಡೆಯಲ್ಲಿ 4 ಇಂಚಿಗಿಂತ ಕೆಳಗೆ ಇಳಿಸಬೇಡಿ. ನುಣ್ಣಗೆ ಹೆರೆದ ನೆಲ ಚಂದ ಕಾಣುತ್ತದೆ, ಆದರೆ ಮಣ್ಣು ಬೋಳಾಗಿ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ, ಬ್ಲೇಡೂ ಹಾಳು. ಇದಕ್ಕಿಂತ ಕೆಳಗೆ ಇಳಿಯದಂತೆ ಲಿವರಿಗೆ ಈ ಎತ್ತರದಲ್ಲೂ ತಡೆ ಬಿಗಿದುಬಿಡಿ.

ಈಗ ಸ್ಲಾಶರಿನ ಹಿಂದಿನ ಸಣ್ಣ ಚಕ್ರ. ಬ್ಲೇಡನ್ನು ಹಿಂದಕ್ಕೆ ತಿರುಗಿಸಿ ಅಳೆದಾಗ ಮುಂದಿಗಿಂತ ಅರ್ಧದಿಂದ ಮುಕ್ಕಾಲು ಇಂಚು ಎತ್ತರ ಸಿಗಬೇಕು. ಆಗ ಹುಲ್ಲು ಮುಂದೆಯೇ ಒಮ್ಮೆ ತುಂಡಾಗುತ್ತದೆ, ಹಿಂದೆ ಬ್ಲೇಡು ಖಾಲಿ ಓಡುತ್ತದೆ, ಎಂಜಿನ್ನಿಗೆ ಭಾರ ಕಡಿಮೆ. ಹಿಂಭಾಗ ತಗ್ಗಿದ್ದರೆ ಅದೇ ಹುಲ್ಲನ್ನು ಎರಡೆರಡು ಸಲ ಕತ್ತರಿಸುತ್ತದೆ. ಕಡಿದದ್ದು ಪುಡಿಯಾಗಿ ಗೊಬ್ಬರವಾಗಲಿ ಎಂಬ ಉದ್ದೇಶವಿದ್ದರೆ ಬೇಕೆಂದೇ ಹೀಗೆ ಮಾಡಬಹುದು, ಆದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ.

ಟಾಪ್ ಲಿಂಕ್ ಕೊನೆಗೆ, ಇಲ್ಲಿಯೇ ಹೆಚ್ಚಿನವರು ಎಡವುವುದು. ನೇಗಿಲಿಗೆ ಕಟ್ಟಿದಂತೆ ಬಿಗಿಯಬೇಡಿ. ಸ್ಲಾಶರಿನ ಮೇಲ್ಗಡೆ ಟಾಪ್ ಲಿಂಕ್ ಸೇರುವಲ್ಲಿ ಮುಂದೆ-ಹಿಂದೆ ಆಡುವ ಒಂದು ತುಂಡು ಇರುತ್ತದೆ. ಸಮನೆಲದಲ್ಲಿ ನಿಂತಾಗ ಅದಕ್ಕೆ ಎರಡೂ ಕಡೆಗೆ ಆಡಲು ಜಾಗ ಉಳಿಯುವಂತೆ ಟಾಪ್ ಲಿಂಕಿನ ಉದ್ದ ಹೊಂದಿಸಿ. ಹಿಂದಿನ ಚಕ್ರ ತೆಂಗಿನ ಪಾತಿಯ ದಿಣ್ಣೆ ಹತ್ತಿದಾಗ ಡೆಕ್ಕಿನ ಬಾಲ ಏಳಬೇಕು, ಟ್ರ್ಯಾಕ್ಟರ್ ದಿಣ್ಣೆ ಹತ್ತಿದಾಗ ಬಾಲ ನೆಲ ಬಿಡಬಾರದು. ಈ ಆಟ ಇಲ್ಲದಿದ್ದರೆ ಚಕ್ರದ ಕವಲು ಬಾಗುತ್ತದೆ, ಅದು ಗಟ್ಟಿಯಿದ್ದರೆ ಡೆಕ್ಕೇ ಸೀಳುತ್ತದೆ.

ಶಿಯರ್ ಬೋಲ್ಟ್, ಸ್ಲಿಪ್ ಕ್ಲಚ್

ಅಗ್ಗದ ಮಾದರಿಗಳಲ್ಲಿ ಶಾಫ್ಟನ್ನು ಕಾಯುವುದು ಒಂದು ಶಿಯರ್ ಬೋಲ್ಟ್. ಭಾರ ಮೀರಿದಾಗ ಮುರಿಯುವುದೇ ಅದರ ಕೆಲಸ. ಪದೇ ಪದೇ ಮುರಿಯಿತೆಂದು ಗಟ್ಟಿ ಉಕ್ಕಿನ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರು. ಕಂಪೆನಿ ಹೇಳಿದ ದರ್ಜೆಯದನ್ನೇ ತಂದು ಹತ್ತಿಪ್ಪತ್ತು ಟೂಲ್ ಬಾಕ್ಸಿನಲ್ಲಿಟ್ಟುಕೊಳ್ಳಿ.

ಕಲ್ಲು, ಬೊಡ್ಡೆ ಹೆಚ್ಚಿರುವಲ್ಲಿ, ಭಾರ ಮೀರಿದಾಗ ಮುರಿಯದೆ ಜಾರುವ ಸ್ಲಿಪ್ ಕ್ಲಚ್ ಒಳ್ಳೆಯದು. ಆದರೆ ನಮ್ಮ ಮಳೆಗಾಲದ ತೇವಕ್ಕೆ ಅದರ ಪ್ಲೇಟುಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕ್ಲಚ್ ಇದೆಯೆಂಬ ಧೈರ್ಯದಲ್ಲಿ ಓಡಿಸುತ್ತಿರುತ್ತೀರಿ, ಅದು ಜಾರುವುದೇ ಇಲ್ಲ. ತಿಂಗಳುಗಟ್ಟಲೆ ನಿಂತಿದ್ದ ಸ್ಲಾಶರನ್ನು ಹೊರತೆಗೆದಾಗ ಹೀಗೆ ಪರೀಕ್ಷಿಸಿ. ಪ್ರತಿ ಸ್ಪ್ರಿಂಗಿನ ಉದ್ದ ಅಳೆದು ಬರೆದಿಟ್ಟುಕೊಳ್ಳಿ. ನಟ್ಟುಗಳನ್ನು ಎಲ್ಲವೂ ಸಮನಾಗಿ ಎರಡೆರಡು ಸುತ್ತು ಸಡಿಲಿಸಿ. ಪ್ಲೇಟುಗಳ ಅಂಚಿನ ಮೇಲೆ ಅಡ್ಡಕ್ಕೆ ಒಂದೇ ಗೆರೆ ಎಳೆಯಿರಿ. ಕವಚ ಮುಚ್ಚಿ, ಎಂಜಿನ್ ನಿಧಾನದಲ್ಲಿಟ್ಟು, ಎರಡು-ಮೂರು ಸೆಕೆಂಡು ಮಾತ್ರ ಪಿಟಿಒ ಕೊಟ್ಟು ನಿಲ್ಲಿಸಿ. ಗೆರೆ ತುಂಡುತುಂಡಾಗಿದ್ದರೆ ಜಾರಿದೆ. ಹಾಗೆಯೇ ಇದ್ದರೆ ಬಿಚ್ಚಿ, ಉಪ್ಪುಕಾಗದದಿಂದ ತುಕ್ಕು ತೆಗೆಯಬೇಕು. ಕೊನೆಗೆ ಬರೆದಿಟ್ಟ ಉದ್ದಕ್ಕೇ ಸ್ಪ್ರಿಂಗ್ ಬಿಗಿಯಿರಿ. ಸುರುಳಿಗಳು ಒಂದಕ್ಕೊಂದು ತಾಗುವಷ್ಟು ಬಿಗಿದರೆ ಕ್ಲಚ್ ಇದ್ದೂ ಇಲ್ಲದಂತೆ.

ಓಡಿಸುವಾಗ

ಹಲವು ಮಿನಿ ಟ್ರ್ಯಾಕ್ಟರುಗಳಲ್ಲಿ ನಿಮಿಷಕ್ಕೆ 540 ಸುತ್ತು ಮತ್ತು 750 ಸುತ್ತು ಎಂದು ಎರಡು ಪಿಟಿಒ ಗೇರುಗಳಿವೆ. ಈ ಸ್ಲಾಶರುಗಳು 540ಕ್ಕೆ ಮಾಡಿದವು. 750ರಲ್ಲಿ ಎಂಜಿನ್ ಪೂರ್ತಿ ಏರಿಸಿದರೆ ಬ್ಲೇಡಿನ ವೇಗ ನೂರಕ್ಕೆ 39 ಹೆಚ್ಚುತ್ತದೆ, ಬಡಿತದ ಶಕ್ತಿ ಹತ್ತಿರಹತ್ತಿರ ಇಮ್ಮಡಿ. ಮೊದಲು ನಿಧಾನದಲ್ಲಿ ಪಿಟಿಒ ಕೊಟ್ಟು, ಮೆಲ್ಲಗೆ 540ಕ್ಕೆ ಏರಿಸಿ, ಆಮೇಲೆ ಕಾಡಿಗೆ ನುಗ್ಗಿ. ಭಾರ ಬಿದ್ದಾಗ ಇಳಿಸಬೇಕಾದ್ದು ಟ್ರ್ಯಾಕ್ಟರಿನ ಗೇರು, ಎಂಜಿನ್ ವೇಗವಲ್ಲ. ಹುಲ್ಲಿಗೆ ಗಂಟೆಗೆ 5-6 ಕಿ.ಮೀ., ದಟ್ಟ ಗಿಡಗಳಿಗೆ 2-3. ಹಿಂದಕ್ಕೆ ಬರುವಾಗ ಸ್ವಲ್ಪ ಎತ್ತಿ; ಸಣ್ಣ ಚಕ್ರ ಕಣಿಯೊಳಗೆ ಸಿಕ್ಕಿ ತಿರುಚಿಕೊಳ್ಳುವುದು ಹಿಂದೋಟದಲ್ಲೇ. ಹತ್ತಿರದಲ್ಲಿ ಯಾರೂ ನಿಂತಿರಬಾರದು, ತೆಂಗಿನಕಾಯಿ ಹೆಕ್ಕುವವರೂ ಸಹ. ಪಿಟಿಒ ನಿಲ್ಲಿಸಿದ ಮೇಲೂ ಬ್ಲೇಡು ಸುಮಾರು ಹೊತ್ತು ಸುತ್ತುತ್ತಿರುತ್ತದೆ.

ಕತ್ತರಿಸಿದ ಜಾಗದ ನಡುವೆ ಹುಲ್ಲಿನ ಗೆರೆ ಉಳಿಯುತ್ತಿದ್ದರೆ ಬ್ಲೇಡು ಮೊಂಡಾಗಿದೆ ಅಥವಾ ಟ್ರ್ಯಾಕ್ಟರಿನ ವೇಗ ಹೆಚ್ಚಾಗಿದೆ. ಒಂದೇ ಪಕ್ಕ ನೆಲ ಬೋಳಾದರೆ ಎಡ-ಬಲ ಮಟ್ಟ ತಪ್ಪಿದೆ. ಇದ್ದಕ್ಕಿದ್ದಂತೆ ಇಡೀ ಯಂತ್ರ ನಡುಗಲು ತೊಡಗಿದರೆ ಆ ಕ್ಷಣ ನಿಲ್ಲಿಸಿ: ಒಂದು ಬ್ಲೇಡು ಮಡಚಿ ಸಿಕ್ಕಿಕೊಂಡಿರಬಹುದು, ತುದಿ ಹಾರಿಹೋಗಿರಬಹುದು. ಬ್ಲೇಡು ಬದಲಿಸುವಾಗ ಜೋಡಿಯಾಗಿಯೇ ಬದಲಿಸಬೇಕು. ಸಾಣೆ ಹಿಡಿಯುವುದು ಮೇಲ್ಗಡೆಯ ಇಳಿಜಾರಿಗೆ ಮಾತ್ರ, ಎರಡಕ್ಕೂ ಸಮ. ಕತ್ತಿಯಂತೆ ಹರಿತ ಬೇಡ. ಅಂಚಿನಲ್ಲಿ ಒಂದೂವರೆ ಮಿ.ಮೀ. ದಪ್ಪ ಉಳಿಯಲಿ, ಇಲ್ಲವಾದರೆ ಮೊದಲ ಕಲ್ಲಿಗೇ ಹಲ್ಲು ಬೀಳುತ್ತದೆ. ಬ್ಲೇಡಿನ ಬೋಲ್ಟ್ ಬಿಗಿಯಲು ಸಣ್ಣ ಸ್ಪ್ಯಾನರ್ ಸಾಲದು, ಉದ್ದ ಪೈಪು ಸಿಕ್ಕಿಸಿಕೊಳ್ಳಬೇಕು. ಕೆಳಗೆ ಕೈ ಹಾಕುವ ಮೊದಲು ಡೆಕ್ಕನ್ನು ದಿಮ್ಮಿಗಳ ಮೇಲೆ ಕೂರಿಸಿ; ಹೈಡ್ರಾಲಿಕ್ಕನ್ನು ನಂಬಿ ಕೆಳಗೆ ನುಸುಳಬೇಡಿ.

ಶಾಫ್ಟಿನ ಕ್ರಾಸುಗಳಿಗೆ 8 ಗಂಟೆ ಓಟಕ್ಕೊಮ್ಮೆ ಗ್ರೀಸ್. ಗೇರ್‌ಬಾಕ್ಸಿಗೆ 90 ನಂಬರಿನ ಗೇರ್ ಎಣ್ಣೆ, ಮಟ್ಟದ ಬಿರಡೆಯವರೆಗೆ ಮಾತ್ರ. ಹೆಚ್ಚು ಸುರಿದರೆ ಬಿಸಿಯೇರಿ ಸೀಲ್ ಒಡೆದು ಹೊರಬರುತ್ತದೆ. ತೋಟದಲ್ಲಿ ಸೀಲ್ ಹೋಗುವುದಕ್ಕೆ ಇನ್ನೊಂದು ದೊಡ್ಡ ಕಾರಣ ಡ್ರಿಪ್ ಪೈಪಿನ ತುಂಡು, ತೆಂಗಿನ ಹಗ್ಗ, ನೈಲಾನ್ ದಾರ. ಅವು ತಟ್ಟೆಯ ಮೇಲ್ಗಡೆ ಶಾಫ್ಟಿಗೆ ಸುತ್ತಿಕೊಂಡು, ಒಳಗೊಳಗೇ ಸೀಲನ್ನು ಕೊರೆಯುತ್ತವೆ. ದಿನದ ಕೆಲಸ ಮುಗಿದ ಮೇಲೆ ದಿಮ್ಮಿ ಕೊಟ್ಟು ಅಡಿಗೆ ಟಾರ್ಚ್ ಬಿಟ್ಟು ನೋಡಿ, ಸುತ್ತಿದ್ದನ್ನು ಚಾಕುವಿನಿಂದ ಕೊಯ್ದು ತೆಗೆಯಿರಿ. ಡೆಕ್ಕಿನ ಒಳಮೈಗೆ ಮೆತ್ತಿದ ಹಸಿ ಹುಲ್ಲನ್ನೂ ಆಗಲೇ ಕೆರೆದುಬಿಡಿ. ರಾತ್ರಿ ಕಳೆದರೆ ಗಟ್ಟಿಯಾಗುತ್ತದೆ, ತಗಡು ತುಕ್ಕು ತಿನ್ನಲು ಶುರುವಾಗುವುದು ಅದರ ಅಡಿಯಿಂದಲೇ.