ಕುಡಿತ ಬಿಡಲು ಹೊರಟವರಿಗೆ ಹತ್ತಿರದ ಸಭೆ: ಹುಡುಕುವುದು ಹೇಗೆ?

ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರಿಗೆ ನಮ್ಮ ಮಲೆನಾಡಿನಲ್ಲಿ ಬರವಿಲ್ಲ. ಬಿಟ್ಟ ಮೇಲೆ ಸಂಜೆ ಆರೂವರೆಗೆ ಎಲ್ಲಿಗೆ ಹೋಗುವುದು ಎಂಬುದೇ ಕಷ್ಟ. ಜಡಿಮಳೆ ಹಾಗೇ ಇರುತ್ತದೆ, ಅಡಿಕೆ ಕೊನೆಕೊಯ್ಲಿನ ದಣಿವು ಹಾಗೇ ಇರುತ್ತದೆ, ‘ಒಂದು ಕ್ವಾರ್ಟರ್‌ಗೆ ಏನಾಗಲ್ಲ ಬಾರೋ’ ಎನ್ನುವ ಗೆಳೆಯರೂ ಅಲ್ಲೇ ಇರುತ್ತಾರೆ. ಆ ಹೊತ್ತಿಗೆ ಕೂರಲು ಬೇರೊಂದು ಜಾಗ, ಬೇರೆ ಜನ ಬೇಕು. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಒಟ್ಟಿಗೆ ಕೂತು ಮಾತಾಡುವ ಸಭೆಯೇ ಆ ಜಾಗ. ಅದನ್ನು ಹುಡುಕುವ ದಾರಿ ಇಲ್ಲಿದೆ.

ಮೊದಲು ವೈದ್ಯರು

ದಿನವೂ ಹೆಚ್ಚು ಕುಡಿಯುತ್ತಿದ್ದವರು ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬಾರದು. ಕೊನೆಯ ಕುಡಿತದ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು–ನಾಲ್ಕು ದಿನಗಳಲ್ಲಿ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಹಗಲು–ರಾತ್ರಿಯ ಗೊತ್ತಿರುವುದಿಲ್ಲ. ಇದು ಪ್ರಾಣಕ್ಕೇ ಅಪಾಯ. ‘ದೆವ್ವ ಮೆಟ್ಟಿದೆ’ ಎಂದು ತಾಯಿತ ಕಟ್ಟಿಸುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಾನಸಿಕ ರೋಗಗಳ ವಿಭಾಗದಲ್ಲಿ ಇದಕ್ಕೆ ಚಿಕಿತ್ಸೆ ಇದೆ. ದೂರದವರು ತಾಲ್ಲೂಕು ಆಸ್ಪತ್ರೆಯಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಬಹುದು. ಸಭೆಯೂ ಔಷಧಿಯೂ ಜೊತೆಜೊತೆಗೇ ನಡೆಯಲಿ.

ಎಲ್ಲಿ ಕೇಳುವುದು?

ಹೆಚ್ಚು ಜನರಿಗೆ ಗೊತ್ತಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವ ಮತ್ತೊಬ್ಬ ಸರ್ಜನ್, ಪರಸ್ಪರ ಮಾತಾಡಿಕೊಂಡೇ ಕುಡಿತದಿಂದ ದೂರ ಉಳಿದರು. ಅದೇ ಪದ್ಧತಿ ಇವತ್ತಿಗೂ. ಶುಲ್ಕವಿಲ್ಲ, ಅರ್ಜಿಯಿಲ್ಲ, ಬಿಡಬೇಕೆಂಬ ಆಸೆ ಇದ್ದರೆ ಸಾಕು. ಎ.ಎ.ಯ ಭಾರತದ ಜನರಲ್ ಸರ್ವಿಸ್ ಆಫೀಸ್‌ನ ವೆಬ್‌ಸೈಟಿನಲ್ಲಿ ಊರುವಾರು ಹುಡುಕಿ, ಅಲ್ಲಿರುವ ನಂಬರಿಗೆ ಫೋನ್ ಮಾಡಿ.

ಹಳ್ಳಿಯವರಿಗೆ ಇನ್ನೊಂದು ದಾರಿಯೂ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಯಲ್ಲಿ ಸೇರುತ್ತಾರೆ. ಮನೆಯಲ್ಲಿ ಯಾರಾದರೂ ಯೋಜನೆಯ ಸ್ವಸಹಾಯ ಸಂಘದಲ್ಲಿದ್ದರೆ ಅದರ ಸೇವಾಪ್ರತಿನಿಧಿಯನ್ನು ಕೇಳಿದರಾಯಿತು. ಯಾರನ್ನೂ ಮುಖಾಮುಖಿ ಕೇಳಲಾಗದವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೋ, ಹಗಲಿರುಳೂ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೋ ಫೋನ್ ಮಾಡಬಹುದು. ಎರಡಕ್ಕೂ ದುಡ್ಡಿಲ್ಲ.

ಫೋನಿನಲ್ಲಿ ಇಷ್ಟು ಕೇಳಿ

‘ಸಭೆ ಈಗಲೂ ನಡೀತಿದೆಯಾ?’ ಎಂಬುದು ಮೊದಲ ಪ್ರಶ್ನೆ. ಪಟ್ಟಿಯಲ್ಲಿ ಹೆಸರಿದ್ದರೂ ಜಾಗವೋ ವೇಳೆಯೋ ಬದಲಾಗಿರುತ್ತದೆ. ಮಾತು ಕನ್ನಡದಲ್ಲೋ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದೂ ಕೇಳಿ. ‘ಓಪನ್’ ಸಭೆಯಾದರೆ ಹೆಂಡತಿಯೋ ಅಣ್ಣನೋ ಜೊತೆಗೆ ಬರಬಹುದು. ‘ಕ್ಲೋಸ್ಡ್’ ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ ಪ್ರವೇಶ. ಹೆಂಗಸರು ‘ಬೇರೆ ಹೆಂಗಸರು ಬರ್ತಾರಾ?’ ಎಂದು ಸಂಕೋಚವಿಲ್ಲದೆ ಕೇಳಬೇಕು.

ಆಮೇಲೆ ಬಸ್ಸಿನ ಲೆಕ್ಕ. ನನ್ನ ಮಟ್ಟಿಗೆ ಒಳ್ಳೆಯ ಸಭೆಯೆಂದರೆ ವಾರವಾರವೂ ಹೋಗಿ ಬರಲು ಆಗುವ ಸಭೆ. ಎಂಟಕ್ಕೆ ಮುಗಿದು ಹೊಸನಗರದ ಕಡೆಗೆ ಕೊನೆ ಬಸ್ಸು ತಪ್ಪುವುದಾದರೆ, ಮೂರನೇ ವಾರಕ್ಕೆ ಹೋಗುವುದೇ ನಿಲ್ಲುತ್ತದೆ. ಅಂಥವರು ‘ನಾನು ಅರ್ಧ ಗಂಟೆ ಮುಂಚೆ ಏಳಬೇಕು’ ಎಂದು ಮೊದಲೇ ಹೇಳಿಡಿ, ಯಾರೂ ಬೇಸರಿಸಿಕೊಳ್ಳುವುದಿಲ್ಲ. ತೀರ್ಥಹಳ್ಳಿಯಂಥ ಊರಲ್ಲಿ ಎಲ್ಲರಿಗೂ ಎಲ್ಲರ ಗುರುತು. ಅದೇ ಭಯವಾದರೆ ಶಿವಮೊಗ್ಗಕ್ಕೋ ಸಾಗರಕ್ಕೋ ಸಂತೆ ಕೆಲಸ ಇಟ್ಟುಕೊಂಡ ದಿನವೇ ಅಲ್ಲಿ ಸಭೆ ಇದೆಯೇ ನೋಡಿ. ಮೊಬೈಲಿನಲ್ಲಿ ನಡೆಯುವ ಸಭೆಗಳೂ ಇವೆ. ಘಟ್ಟದಂಚಿನ ನೆಟ್‌ವರ್ಕ್ ನಂಬಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಒಳಗೆ ಏನು ನಡೆಯುತ್ತದೆ?

ಸಭೆ ಶಾಲೆಯ ಕೋಣೆಯಲ್ಲೋ ಚರ್ಚಿನ ಹಾಲ್‌ನಲ್ಲೋ ಇರಬಹುದು. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ, ಜಾಗವಷ್ಟೇ ಚರ್ಚಿನದು. ಸುತ್ತ ಕುರ್ಚಿ, ಮೊದಲೊಂದು ಚಿಕ್ಕ ಪ್ರಾರ್ಥನೆ. ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎಂದು ಮಾತು ಶುರುಮಾಡುತ್ತಾರೆ. ಅಡಿಕೆ ಮಾರಿದ ದುಡ್ಡು ಮನೆ ಮುಟ್ಟುವ ಮೊದಲೇ ಖಾಲಿಯಾದದ್ದು, ಮಗಳು ಮಾತು ಬಿಟ್ಟದ್ದು, ಎಲ್ಲವೂ ಬರುತ್ತದೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳ್ತೀನಿ’ ಎಂದರೂ ನಡೆಯುತ್ತದೆ. ಕೊನೆಗೆ ಕಾಣಿಕೆಯ ಚೀಲ ಬಂದರೆ ಹೊಸಬರು ಹಾಕಲೇಬೇಕೆಂದಿಲ್ಲ. ಏಳುವ ಮುಂಚೆ ಒಬ್ಬಿಬ್ಬರ ಫೋನ್ ನಂಬರ್ ಮಾತ್ರ ತಪ್ಪದೆ ಬರೆದುಕೊಳ್ಳಿ. ಮದುವೆ ಮನೆಯಲ್ಲಿ ಗ್ಲಾಸು ಕೈಗೆ ಬಂದಾಗ ಕರೆ ಮಾಡಲು ಆ ನಂಬರೇ ಬೇಕು.

ಮೊದಲ ದಿನ ಇಷ್ಟವಾಗದಿದ್ದರೆ ಇನ್ನೊಂದು ಗುಂಪಿಗೆ ಹೋಗಿ. ಗುಂಪಿನಿಂದ ಗುಂಪಿಗೆ ಹದ ಬೇರೆ. ನಡುವೆ ಕುಡಿದುಬಿಟ್ಟರೂ ಮುಂದಿನ ಸಭೆ ತಪ್ಪಿಸಬೇಡಿ, ಅಲ್ಲಿರುವವರಲ್ಲಿ ಹಾಗೆ ಬಿದ್ದು ಎದ್ದವರೇ ಹೆಚ್ಚು. ಕುಡಿಯುವವರು ಬರಲೊಲ್ಲೆ ಎಂದರೂ ಮನೆಯವರು ಸುಮ್ಮನಿರಬೇಕಿಲ್ಲ. 1951ರಲ್ಲಿ ಶುರುವಾದ ಅಲ್-ಅನಾನ್ ಕುಟುಂಬದವರಿಗೆಂದೇ ಇರುವ ಗುಂಪು.

ತಾಲ್ಲೂಕಿನಲ್ಲಿ ಸಭೆಯೇ ಇಲ್ಲವೆಂದಾದರೆ? ಕುಡಿತ ಬಿಡಲೆಂದು ಇಬ್ಬರು–ಮೂವರು ಸೇರಿದರೂ ಅದನ್ನು ಗುಂಪೆಂದು ಕರೆಯಬಹುದು ಎನ್ನುತ್ತದೆ ಎ.ಎ. ಸಂಪ್ರದಾಯ. ಒಂದು ಕೋಣೆ, ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿ ಜನರಲ್ ಸರ್ವಿಸ್ ಆಫೀಸಿಗೆ ತಿಳಿಸಿ. ನಿಮ್ಮೂರಿನಿಂದ ಮುಂದೆ ಫೋನ್ ಮಾಡಿ ಕೇಳುವವರಿಗೆ ಅವರು ಹೇಳಲು ಆಗ ಒಂದು ವಿಳಾಸ ಇರುತ್ತದೆ.