ಹಲ್ಲಿನ ಸೆಟ್ಟಿನಡಿ ಅಂಗುಳ ಕೆಂಪಾದಾಗ ದಾಳಿಂಬೆ ಸಿಪ್ಪೆಯ ಬಳಕೆ

ಮೇಲ್ದವಡೆಗೆ ಹಲ್ಲಿನ ಸೆಟ್ ಕಟ್ಟಿಸಿಕೊಂಡ ಹಿರಿಯರು ಅದನ್ನು ತೆಗೆದಾಗ ಅಂಗುಳವು ಸೆಟ್ಟಿನ ಅಚ್ಚಿನಂತೆಯೇ ಕೆಂಪಾಗಿ ಕಂಡರೆ, ನೋವಿಲ್ಲವೆಂದು ಬಿಟ್ಟುಬಿಡಬಾರದು. ಇದಕ್ಕೆ ಸಾಮಾನ್ಯವಾಗಿ ಕಾರಣವಾಗುವುದು ಸೆಟ್ಟಿನ ಅಕ್ರಿಲಿಕ್ (ಪ್ಲಾಸ್ಟಿಕ್) ಮೇಲ್ಮೈಯಲ್ಲಿ ಲೋಳೆಪದರವಾಗಿ ನೆಲೆಸುವ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಶಿಲೀಂಧ್ರ. ವಿಜಯಪುರದ ನಮ್ಮ ಮನೆಯಲ್ಲಿ ಅತ್ತೆಯವರ ಸೆಟ್ಟಿನ ಒಳಮೈಯ ಮೇಲೆ ಹೆಬ್ಬೆರಳು ಆಡಿಸಿದಾಗ, ನೀರಿನಲ್ಲಿ ತೊಳೆದ ಮೇಲೂ ಅದು ಜಾರುತ್ತಿತ್ತು. ಅಂಚಿನಲ್ಲಿ ಅಗಸಿ ಚಟ್ನಿಯ ಕಾಳೊಂದು ಸಿಕ್ಕಿಕೊಂಡಿತ್ತು.

ಆ ಲೋಳೆ ಹೋಗದೆ ಯಾವ ಕಷಾಯವೂ ಕೆಲಸ ಮಾಡದು. ಊಟವಾದ ಮೇಲೆ ಸೆಟ್ಟನ್ನು ತೊಳೆದು, ದಿನಕ್ಕೊಮ್ಮೆಯಾದರೂ ಮೆದು ಬ್ರಷ್ ಮತ್ತು ಸಾಬೂನಿನಿಂದ ಒಳಮೈಯನ್ನು ಉಜ್ಜಬೇಕು. ಟೂತ್‌ಪೇಸ್ಟ್ ಗೀರು ಮೂಡಿಸುತ್ತದೆ, ಬಿಸಿನೀರಿನಿಂದ ಸೆಟ್ ಸೊಟ್ಟಗಾಗುತ್ತದೆ. ರಾತ್ರಿ ಅದನ್ನು ತೆಗೆದು ತಣ್ಣೀರಿನಲ್ಲಿಡುವುದು ನನ್ನ ಮಟ್ಟಿಗೆ ಅರ್ಧ ಚಿಕಿತ್ಸೆ.

ನಮ್ಮ ವಿಜಯಪುರ, ಬಾಗಲಕೋಟೆಗಳಲ್ಲಿ ಬೆಳೆಯುವ ದಾಳಿಂಬೆಯ ಸಿಪ್ಪೆಯಲ್ಲಿರುವ, ಒಗರು ಕೊಡುವ ಟ್ಯಾನಿನ್‌ಗಳು ಪ್ರಯೋಗಾಲಯದಲ್ಲಿ ಈ ಶಿಲೀಂಧ್ರವನ್ನು ತಡೆದಿವೆ. 2003ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನವೊಂದರಲ್ಲಿ ದಾಳಿಂಬೆ ಸಾರದ ಜೆಲ್ ಹಚ್ಚಿಕೊಂಡ ಅನೇಕ ರೋಗಿಗಳು ಚೇತರಿಸಿಕೊಂಡರು, ಆದರೂ ಶಿಲೀಂಧ್ರನಾಶಕ ಔಷಧವಾದ ಮೈಕೊನಜೋಲ್ ಜೆಲ್‌ನ ಫಲಿತಾಂಶವೇ ತುಸು ಮೇಲಾಗಿತ್ತು. ಮನೆಯ ಕಷಾಯಕ್ಕೆ ಆ ದಾಳಿಂಬೆ ಜೆಲ್‌ನ ಸಾಂದ್ರತೆ ಇರುವುದಿಲ್ಲವಾದ್ದರಿಂದ ಅದನ್ನು ಸಹಾಯಕವೆಂದಷ್ಟೇ ಬಳಸಬೇಕು.

ತೊಳೆದು ನೆರಳಲ್ಲಿ ಒಣಗಿಸಿದ ಸಿಪ್ಪೆಯ ಪುಡಿ ಒಂದು ಚಮಚವನ್ನು ಒಂದು ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿರಿ. ಸೆಟ್ಟನ್ನು ತೆಗೆದಿಟ್ಟು, ಈ ಒಗರು ನೀರನ್ನು ಅರ್ಧ ನಿಮಿಷ ಬಾಯಲ್ಲಾಡಿಸಿ ಉಗುಳಿ, ಸಾದಾ ನೀರಿನಿಂದ ಮುಕ್ಕಳಿಸಿರಿ. ದಿನಕ್ಕೆ ಎರಡು ಬಾರಿ ಸಾಕು. ಕರೆ ಹಿಡಿಯುವುದರಿಂದ ಸೆಟ್ಟನ್ನು ಇದರಲ್ಲಿ ನೆನೆಸಬೇಡಿ. ಉಳಿದ ಕಷಾಯಕ್ಕೇ ಬೂಷ್ಟು ಹಿಡಿಯುವುದರಿಂದ ಅದನ್ನು ಅಂದೇ ಚೆಲ್ಲಿರಿ. ಲವಂಗದ ಎಣ್ಣೆಯ ಯೂಜೆನಾಲ್ ಕೂಡ ಶಿಲೀಂಧ್ರನಾಶಕವೇ, ಆದರೆ ಅದನ್ನು ಹಾಗೆಯೇ ಹಚ್ಚಿದರೆ ಅಂಗುಳ ಸುಡುತ್ತದೆ.

ಎರಡು ವಾರದಲ್ಲಿ ಕೆಂಪು ಇಳಿಯದಿದ್ದರೆ ದಂತವೈದ್ಯರಲ್ಲಿಗೆ ಹೋಗಿರಿ. ಸಕ್ಕರೆ ಕಾಯಿಲೆಯಿದ್ದವರು ಮೊದಲೇ ಹೋಗುವುದು ಒಳ್ಳೆಯದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಮೈಕೊನಜೋಲ್ ಅದರ ಪ್ರಭಾವವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ಕಾರಣವಾಗಬಲ್ಲದು. ಸಡಿಲವಾದ ಸೆಟ್ಟೂ ಅಂಗುಳವನ್ನು ಉಜ್ಜಿ ಕೆಂಪಾಗಿಸುತ್ತದೆ. ಅದನ್ನು ಪರೀಕ್ಷಿಸಲು ಸೆಟ್ಟನ್ನು ತಪ್ಪದೆ ಜೊತೆಗೆ ಒಯ್ಯಿರಿ.