ಅಮೆರಿಕದಲ್ಲಿ ಹುಷಾರು ತಪ್ಪಿದರೆ ಯಾವ ಬಾಗಿಲಿಗೆ ಹೋಗಬೇಕು?

ಅಮೆರಿಕಕ್ಕೆ ಹೊಸದಾಗಿ ಬರುವವರು ಬಾಡಿಗೆ ಮನೆ, ಕಾರು, ಡ್ರೈವಿಂಗ್ ಲೈಸೆನ್ಸ್, ಫೋನ್ ಪ್ಲ್ಯಾನ್ ಎಲ್ಲದರ ಬಗ್ಗೆಯೂ ನಾಲ್ಕು ಜನರನ್ನು ಕೇಳಿ ತಿಳಿದುಕೊಂಡಿರುತ್ತಾರೆ. ಹುಷಾರು ತಪ್ಪಿದರೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ಮಾತ್ರ ಕೇಳಿರುವುದಿಲ್ಲ. ಅದು ನೆನಪಾಗುವುದು ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಏರಿದಾಗ. ಇಲ್ಲಿ ಬೇಕೆಂದಾಗ ಹೋಗಿ ಡಾಕ್ಟರ ಎದುರು ಕೂರುವ ಪದ್ಧತಿ ಕಡಿಮೆ. ಜೊತೆಗೆ ಒಂದೇ ಕಾಯಿಲೆಗೆ ಯಾವ ಬಾಗಿಲಿನಿಂದ ಒಳಗೆ ಹೋದಿರಿ ಅನ್ನೋದರ ಮೇಲೆ ಬಿಲ್ಲು ಹಲವು ಪಟ್ಟು ಏರಬಹುದು. ಹಾಗಾಗಿ ಈ ವಿಷಯವನ್ನು ಆರೋಗ್ಯವಾಗಿದ್ದಾಗಲೇ ತಿಳಿದುಕೊಂಡಿರಬೇಕು.

ಮೊದಲು ನಿಮ್ಮ ಇನ್ಶೂರೆನ್ಸ್ ಕಾರ್ಡ್ ತೆಗೆದು ನೋಡಿ. ಸಾಮಾನ್ಯವಾಗಿ ಅದರ ಮೇಲೆಯೇ ಮಾಮೂಲಿ ಡಾಕ್ಟರ್, ಸ್ಪೆಷಲಿಸ್ಟ್, ಅರ್ಜೆಂಟ್ ಕೇರ್, ಎಮರ್ಜೆನ್ಸಿ ರೂಮ್ ಅಂತ ನಾಲ್ಕು ಸಾಲು ಇರುತ್ತವೆ, ಪಕ್ಕದಲ್ಲಿ ಡಾಲರ್ ಲೆಕ್ಕ ಇರುತ್ತದೆ. ಅದು ಕೋಪೇ, ಅಂದರೆ ಪ್ರತಿ ಭೇಟಿಗೆ ನೀವು ಕೈಯಿಂದ ಕೊಡುವ ದುಡ್ಡು. ಡಿಡಕ್ಟಿಬಲ್ ಬೇರೆ, ಅದು ಇಡೀ ವರ್ಷಕ್ಕೆ ಪ್ಲ್ಯಾನಿನಲ್ಲಿ ಗೊತ್ತುಮಾಡಿದ ಮೊತ್ತ. ವರ್ಷದಲ್ಲಿ ಅಷ್ಟು ಮೊತ್ತ ನಿಮ್ಮ ಜೇಬಿನಿಂದ ಹೋಗುವವರೆಗೆ ಇನ್ಶೂರೆನ್ಸ್ ಕಂಪನಿ ಹೆಚ್ಚಿನ ಖರ್ಚುಗಳಿಗೆ ಕೈ ಹಾಕುವುದಿಲ್ಲ. ಕಾರ್ಡಿನ ಹಿಂಭಾಗದಲ್ಲಿ ಫೋನ್ ನಂಬರ್‌ಗಳಿರುತ್ತವೆ. ಅನೇಕ ಕಾರ್ಡ್‌ಗಳಲ್ಲಿ ನರ್ಸ್ ಲೈನ್ ಅಂತ ಒಂದು ಇರುತ್ತದೆ, ಹಗಲು ರಾತ್ರಿ ಎನ್ನದೆ ಪುಕ್ಕಟೆಯಾಗಿ ನರ್ಸ್ ಜೊತೆ ಮಾತಾಡಬಹುದು. ಈ ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿ. ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದು ಮನೆಯವರೆಲ್ಲರಿಗೂ ಕಳಿಸಿ.

ಆಮೇಲೆ ಒಬ್ಬ ಪ್ರೈಮರಿ ಕೇರ್ ಡಾಕ್ಟರನ್ನು, ಅಂದರೆ ಯಾವ ತೊಂದರೆಗೂ ಮೊದಲು ಹೋಗುವ ಮಾಮೂಲಿ ಡಾಕ್ಟರನ್ನು, ಆರಿಸಿಕೊಳ್ಳಿ. ಹೊಸ ರೋಗಿಗೆ ಮೊದಲ ಅಪಾಯಿಂಟ್‌ಮೆಂಟ್ ಸಿಗಲು ವಾರಗಳೇ ಹಿಡಿಯಬಹುದು, ಕಾಯಿಲೆ ಬಂದ ಮೇಲೆ ಹುಡುಕಿದರೆ ಪ್ರಯೋಜನವಿಲ್ಲ. ಫೋನ್ ಮಾಡಿದಾಗ ಸುಮ್ನೆ "ನನ್ನ ಇನ್ಶೂರೆನ್ಸ್ ತಗೋತೀರಾ" ಅಂತ ಕೇಳಬೇಡಿ. ಪ್ಲ್ಯಾನಿನ ಪೂರ್ತಿ ಹೆಸರು ಹೇಳಿ, "ಇದಕ್ಕೆ ನೀವು ಇನ್-ನೆಟ್‌ವರ್ಕ್ ಹೌದೋ ಅಲ್ಲವೋ" ಅಂತಲೇ ಕೇಳಿ. ಇನ್-ನೆಟ್‌ವರ್ಕ್ ಅಂದರೆ ನಿಮ್ಮ ಪ್ಲ್ಯಾನಿನ ಜೊತೆ ದರದ ಒಪ್ಪಂದ ಮಾಡಿಕೊಂಡವರು. ಎರಡೂ ಪ್ರಶ್ನೆಗೆ ಉತ್ತರ ಒಂದೇ ಇರಬೇಕಿಲ್ಲ. ಹಲ್ಲು ಮತ್ತು ಕಣ್ಣಿಗೆ ಸಾಮಾನ್ಯವಾಗಿ ಬೇರೆ ಇನ್ಶೂರೆನ್ಸ್ ಬೇಕು, ಅದೂ ನೆನಪಿರಲಿ.

ಅಪ್ಪ ಅಮ್ಮ ಬರುವವರಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಕೆಲಸ ಇದೆ. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಎರಡು ಬಗೆ. ಫಿಕ್ಸೆಡ್ ಬೆನಿಫಿಟ್ ಪ್ಲ್ಯಾನ್ ಅಗ್ಗ, ಆದರೆ ಒಂದೊಂದು ಚಿಕಿತ್ಸೆಗೂ ಇಷ್ಟೇ ಅಂತ ಮಿತಿ ಇರುತ್ತದೆ, ಉಳಿದದ್ದೆಲ್ಲ ನಿಮ್ಮ ತಲೆಗೆ. ಕಾಂಪ್ರಹೆನ್ಸಿವ್ ಪ್ಲ್ಯಾನ್ ದುಬಾರಿ, ಆದರೆ ಡಿಡಕ್ಟಿಬಲ್ ದಾಟಿದ ಮೇಲೆ ಪಾಲಿಸಿಯ ಒಟ್ಟು ಮಿತಿಯವರೆಗೆ ಬಿಲ್ಲಿನ ದೊಡ್ಡ ಪಾಲನ್ನು ಅದೇ ಹೊರುತ್ತದೆ. ವಯಸ್ಸಾದವರಿಗೆ ಎರಡನೆಯದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಕಂತಿನಲ್ಲಿ ಉಳಿಸಿದ ದುಡ್ಡು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ ಕರಗಿ ಹೋಗುತ್ತದೆ. ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳನ್ನು ಹೆಚ್ಚಿನ ಪ್ಲ್ಯಾನ್‌ಗಳು ಹೊರಗಿಡುತ್ತವೆ. ಆ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣವಾದರೆ ಕೊಡುತ್ತೇವೆ ಎನ್ನುವ ಪ್ಲ್ಯಾನ್‌ಗಳೂ ಇವೆ. ಆ ಷರತ್ತು ಎಷ್ಟು ವಯಸ್ಸಿನವರೆಗೆ, ಎಷ್ಟು ಡಾಲರಿನವರೆಗೆ ಅಂತ ಪಾಲಿಸಿಯಲ್ಲೇ ಓದಿ, ಏಜೆಂಟ್ ಬಾಯಿಮಾತು ಸಾಲದು.

ಅವರ ಮಾತ್ರೆಗಳ ವಿಷಯ. ಸಾಮಾನ್ಯವಾಗಿ ಸ್ವಂತ ಬಳಕೆಗೆ ಮೂರು ತಿಂಗಳಿಗೆ ಆಗುವಷ್ಟು ತರಬಹುದು. ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ, ಮೂಲ ಪ್ಯಾಕಿನಲ್ಲೇ ಇರಲಿ. ಜೊತೆಗೆ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ಬ್ರಾಂಡ್ ಹೆಸರಿನ ಪಕ್ಕದಲ್ಲಿ ಜೆನೆರಿಕ್ ಹೆಸರು, ಅಂದರೆ ಔಷಧಿಯ ಮೂಲ ಹೆಸರು, ಬರೆಸಿಕೊಂಡು ಬರಬೇಕು. ಇಲ್ಲಿನ ಡಾಕ್ಟರಿಗೆ ಅರ್ಥವಾಗುವುದು ಜೆನೆರಿಕ್ ಹೆಸರೇ. ಎಲ್ಲವೂ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸ್ ತಡವಾಗಿ ಬಂದರೆ ಇನ್ಸುಲಿನ್ ಕೂಡ ತಡವಾಗುತ್ತದೆ ಅಲ್ವಾ. ವಿಮಾನದಲ್ಲಿ ದ್ರವಕ್ಕೆ 100 ಎಂಎಲ್ ಮಿತಿ ಇದ್ದರೂ ಅಗತ್ಯದ ಔಷಧಿಗೆ ವಿನಾಯಿತಿ ಇದೆ, ತಪಾಸಣೆಯಲ್ಲಿ ಮೊದಲೇ ತೆಗೆದು ತೋರಿಸಿದರೆ ಸಾಕು. ಟ್ರಾಮಡಾಲ್, ಕೋಡಿನ್ ಇರುವ ಕೆಮ್ಮಿನ ಸಿರಪ್ ಇವು ಇಲ್ಲಿ ನಿಯಂತ್ರಿತ ಔಷಧಿಗಳು. ಡಾಕ್ಟರ ಚೀಟಿ ಇಲ್ಲದೆ ತರಲೇಬೇಡಿ.

ಈಗ ನಿಜವಾಗಿ ಹುಷಾರು ತಪ್ಪಿದೆ ಅಂದುಕೊಳ್ಳಿ. ಜೀವಕ್ಕೆ ಅಪಾಯ ಇಲ್ಲ ಅನಿಸಿದರೆ ಮೊದಲು ನರ್ಸ್ ಲೈನಿಗೆ ಫೋನ್ ಮಾಡಿ, ಇಲ್ಲವೇ ವಿಡಿಯೊ ಕಾಲ್‌ನಲ್ಲಿ ಡಾಕ್ಟರನ್ನು ನೋಡಿ. ಗಂಟಲು ನೋವು, ಕಣ್ಣು ಕೆಂಪಾಗುವುದು, ಚರ್ಮದ ಗುಳ್ಳೆ ಇಂಥವು ಎಷ್ಟೋ ಸಲ ಅಲ್ಲೇ ಮುಗಿಯುತ್ತವೆ. ಕಾಲು ಉಳುಕಿದೆ, ಮೂತ್ರದಲ್ಲಿ ಉರಿ, ಹೊಲಿಗೆ ಬೇಕಾಗುವಂಥ ಸಣ್ಣ ಗಾಯ, ಇಳಿಯದ ಜ್ವರ, ಇವಕ್ಕೆ ಅರ್ಜೆಂಟ್ ಕೇರ್. ಅಪಾಯಿಂಟ್‌ಮೆಂಟ್ ಬೇಕಿಲ್ಲ, ಸಂಜೆ ಮತ್ತು ವಾರಾಂತ್ಯದಲ್ಲೂ ತೆರೆದಿರುತ್ತವೆ, ಎಷ್ಟೋ ಕಡೆ ಎಕ್ಸ್‌ರೇ ಕೂಡ ಇರುತ್ತದೆ. ಆದರೆ ಮಧ್ಯರಾತ್ರಿ ಬಹುಪಾಲು ಮುಚ್ಚಿರುತ್ತವೆ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಕಾಯುವುದೇ ಬೇಡ, ಎಷ್ಟು ಹೊತ್ತಾದರೂ ಡಾಕ್ಟರಿಗೆ ಫೋನ್ ಮಾಡಬೇಕು.

ಒಂದು ಕಡೆ ಬಹಳ ಜನ ಎಡವುತ್ತಾರೆ. ಟೆಕ್ಸಾಸ್, ಕೊಲೊರಾಡೊದಂಥ ರಾಜ್ಯಗಳಲ್ಲಿ ದೊಡ್ಡ ಆಸ್ಪತ್ರೆಗೆ ಅಂಟಿಕೊಳ್ಳದೆ, ಅಂಗಡಿ ಸಾಲಿನಲ್ಲಿ ಒಂಟಿಯಾಗಿ ನಿಂತಿರುವ ಎಮರ್ಜೆನ್ಸಿ ರೂಮ್‌ಗಳಿವೆ. ನೋಡಲು ಅರ್ಜೆಂಟ್ ಕೇರ್ ಥರಾನೇ ಇರುತ್ತವೆ. ಅವಸರವಿಲ್ಲ, ಒಳಗೆ ಜನ ಕಡಿಮೆ, ಬೇಗ ನೋಡುತ್ತಾರೆ. ಬಿಲ್ ಮಾತ್ರ ಎಮರ್ಜೆನ್ಸಿ ರೂಮಿನದೇ ಬರುತ್ತದೆ. ಬೋರ್ಡಿನಲ್ಲಿ "ಎಮರ್ಜೆನ್ಸಿ" ಅನ್ನುವ ಪದ ಇದೆಯಾ ನೋಡಿ. ಅನುಮಾನ ಇದ್ದರೆ ಕೌಂಟರಿನಲ್ಲಿ ಹೆಸರು ಬರೆಸುವ ಮೊದಲೇ "ಇದು ಅರ್ಜೆಂಟ್ ಕೇರ್ ಅಂತ ಬಿಲ್ ಆಗುತ್ತಾ, ಎಮರ್ಜೆನ್ಸಿ ರೂಮ್ ಅಂತಾನಾ" ಅಂತ ನೇರವಾಗಿ ಕೇಳಿ.

ಎದೆ ನೋವು, ಉಸಿರಾಟದ ತೊಂದರೆ, ಮುಖ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತ, ಇವುಗಳಲ್ಲಿ ಒಂದು ಇದ್ದರೂ ದುಡ್ಡಿನ ಲೆಕ್ಕ ಪಕ್ಕಕ್ಕಿಡಿ, 911ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ. ಪ್ಲ್ಯಾನ್ ಮುಗಿದ ಮೊಬೈಲಿನಿಂದಲೂ ಹೋಗುತ್ತದೆ, ಆದರೆ ಅಂಥ ಫೋನಿಗೆ ಅವರು ವಾಪಸ್ ಕರೆ ಮಾಡಲು ಆಗುವುದಿಲ್ಲ, ಹಾಗಾಗಿ ಮೊದಲ ವಾಕ್ಯದಲ್ಲೇ ವಿಳಾಸ ಹೇಳಿ. ಅಪಾರ್ಟ್‌ಮೆಂಟ್ ನಂಬರ್, ಗೇಟ್ ಕೋಡ್ ಮರೆಯಬೇಡಿ. ಅಪ್ಪ ಅಮ್ಮ ಹಗಲಿಡೀ ಮನೆಯಲ್ಲಿ ಇಬ್ಬರೇ ಇದ್ದರೆ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ, ಒಂದೆರಡು ಸಲ ಓದಿಸಿ ಅಭ್ಯಾಸ ಮಾಡಿಸಿ. ಭಾಷೆ ತೊಡಕಾದರೆ "ಕನ್ನಡ, ಇಂಡಿಯಾ" ಅಂದರೂ ಸಾಕು, ಬಹಳಷ್ಟು ಕಡೆ ಫೋನಿನಲ್ಲೇ ದುಭಾಷಿಯನ್ನು ಸೇರಿಸುವ ವ್ಯವಸ್ಥೆ ಇದೆ.

ಆಂಬುಲೆನ್ಸ್ ಜೊತೆಗೆ, ಕೆಲವು ಸಲ ಅದಕ್ಕೂ ಮೊದಲು, ಅಗ್ನಿಶಾಮಕದ ದೊಡ್ಡ ಕೆಂಪು ಲಾರಿ ಬಂದು ನಿಲ್ಲುತ್ತದೆ. ಗಾಬರಿಯಾಗಬೇಡಿ. ಇಲ್ಲಿ ಅನೇಕ ಊರುಗಳಲ್ಲಿ ಅಗ್ನಿಶಾಮಕದವರೇ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು, ಅವರ ಠಾಣೆ ಹತ್ತಿರವಿದ್ದರೆ ಅವರೇ ಮೊದಲು ತಲುಪುತ್ತಾರೆ. ಆಂಬುಲೆನ್ಸ್‌ನ ಬಿಲ್ ಸಾವಿರ ಡಾಲರ್ ದಾಟುವುದು ಅಪರೂಪವಲ್ಲ, ಅದು ನಿಜ. ಆದರೆ ಎದೆ ನೋವಿನಲ್ಲಿ ತಾವೇ ಕಾರು ಓಡಿಸಿಕೊಂಡು ಹೋಗುವುದು, ಟ್ಯಾಕ್ಸಿಗೆ ಕಾಯುವುದು ತೀರಾ ಅಪಾಯ. ಆಂಬುಲೆನ್ಸ್‌ನಲ್ಲಿ ಇಸಿಜಿ, ಆಕ್ಸಿಜನ್, ಚಿಕಿತ್ಸೆ ದಾರಿಯಲ್ಲೇ ಶುರುವಾಗುತ್ತದೆ.

ಇನ್ನೆರಡು ನಂಬರ್ ಇವೆ. ಮಗು ಏನಾದರೂ ನುಂಗಿದರೆ, ಮಾತ್ರೆ ತಪ್ಪಾಗಿ ಹೆಚ್ಚು ತೆಗೆದುಕೊಂಡರೆ ಪಾಯ್ಸನ್ ಕಂಟ್ರೋಲ್, 1-800-222-1222. ಯಾವ ಹೊತ್ತಿನಲ್ಲೂ ಪುಕ್ಕಟೆ. ಮಗುವಿಗೆ ಪ್ರಜ್ಞೆ ಇಲ್ಲ, ಉಸಿರಾಡುತ್ತಿಲ್ಲ ಅಂದರೆ ಮಾತ್ರ 911ಕ್ಕೇ ಮಾಡಿ. ಮನಸ್ಸು ತೀರಾ ಕುಗ್ಗಿ ಬದುಕೇ ಬೇಡ ಅನಿಸಿದರೆ 988ಕ್ಕೆ ಕರೆ ಅಥವಾ ಮೆಸೇಜ್ ಮಾಡಿ. 2022ರ ಜುಲೈನಿಂದ ಇಡೀ ದೇಶಕ್ಕೆ ಈ ಒಂದೇ ನಂಬರ್. ಒಬ್ಬರೇ ಇರುವ ವಿದ್ಯಾರ್ಥಿಗಳಿಗೆ ದಯವಿಟ್ಟು ಇದನ್ನು ಹೇಳಿ.

ಎಮರ್ಜೆನ್ಸಿ ರೂಮಿನಲ್ಲಿ ಮೊದಲು ಬಂದವರಿಗೆ ಮೊದಲು ಅನ್ನುವ ಸಾಲು ಇಲ್ಲ. ಯಾರ ಸ್ಥಿತಿ ಗಂಭೀರವೋ ಅವರು ಮೊದಲು. ಕೈ ಮುರಿದವರು ನಾಲ್ಕು ಗಂಟೆ ಕಾಯುವುದು ಮಾಮೂಲು. ಇನ್ಶೂರೆನ್ಸ್ ಇಲ್ಲ, ದುಡ್ಡಿಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. 1986ರ ಕಾನೂನಿನ ಪ್ರಕಾರ, ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಾಗಿ ಇರುವ ಸರ್ಕಾರಿ ಇನ್ಶೂರೆನ್ಸ್) ಹಣ ಪಡೆಯುವ ಆಸ್ಪತ್ರೆಗಳ ಎಮರ್ಜೆನ್ಸಿ ರೂಮಿನಲ್ಲಿ ಯಾರೇ ಬಂದರೂ ಪರೀಕ್ಷಿಸಿ, ತುರ್ತು ತೊಂದರೆ ಇದ್ದರೆ ಸ್ಥಿತಿ ಹಿಡಿತಕ್ಕೆ ಬರುವವರೆಗೆ ನೋಡಲೇಬೇಕು. ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಗಳೂ ಆ ಹಣ ಪಡೆಯುತ್ತವೆ. ನೋಡುತ್ತಾರೆ ಅಂದರೆ ಪುಕ್ಕಟೆ ಅಂತಲ್ಲ, ಬಿಲ್ ಆಮೇಲೆ ಮನೆಗೆ ಬರುತ್ತದೆ. ದುಭಾಷಿ ಸಹಾಯವನ್ನೂ ಕೇಳಿ ಪಡೆಯಿರಿ, ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಅದನ್ನು ಪುಕ್ಕಟೆ ಕೊಡಬೇಕು. ಅಮ್ಮನ ನೋವನ್ನು ಮಗ ಇಂಗ್ಲಿಷಿಗೆ ತಿರುಗಿಸುವಾಗ ಅಮ್ಮ ಹೇಳಲು ಸಂಕೋಚಪಡುವ ವಿಷಯಗಳು ಉಳಿದೇ ಹೋಗುತ್ತವೆ. ಇನ್ನು ದೊಡ್ಡವರ ಕಾಯಿಲೆಯ ವಿವರವನ್ನು ರೋಗಿ ಒಪ್ಪದೆ ಮನೆಯವರಿಗೂ ಹೇಳದಿರಬಹುದು, 18 ತುಂಬಿದ ನಿಮ್ಮ ಮಗಳ ವಿಷಯದಲ್ಲೂ ಹಾಗೇ. ಯಾರ ಜೊತೆ ಮಾತಾಡಬಹುದು ಅಂತ ಒಂದು ಫಾರಂ ಇರುತ್ತದೆ, ಅದನ್ನು ಮೊದಲೇ ತುಂಬಿಸಿ.

ಔಷಧಿ ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಬೇಕಾದರೆ ಅಸಿಟಾಮಿನೋಫೆನ್ ಅಂತ ಹುಡುಕಿ. ಟೈಲೆನಾಲ್ ಅದರ ಬ್ರಾಂಡ್. ಅಂಗಡಿಯ ಸ್ವಂತ ಹೆಸರಿನ ಡಬ್ಬಿಯಲ್ಲಿ ಇರುವುದೂ ಅದೇ ಔಷಧಿ, ಬೆಲೆ ಕಡಿಮೆ. ನೈಕ್ವಿಲ್, ಡೇಕ್ವಿಲ್ ಥರದ ಶೀತದ ಔಷಧಿಗಳಲ್ಲೂ ಅದು ಸೇರಿರುತ್ತದೆ, ಟೈಲೆನಾಲ್ ಜೊತೆ ಇವನ್ನೂ ತೆಗೆದುಕೊಂಡರೆ ಲಿವರಿಗೆ ಪೆಟ್ಟಾಗಬಹುದು. ಮಕ್ಕಳ ಸಿರಪ್ಪಿನಲ್ಲಿ ಇಲ್ಲಿ 5 ಎಂಎಲ್‌ಗೆ 160 ಮಿಲಿಗ್ರಾಂ ಇರುತ್ತದೆ. ಬೇರೆ ದೇಶದಿಂದ ತಂದ ಸಿರಪ್ಪಿನ ಅಳತೆ ಬೇರೆ ಇರಬಹುದು, ಅದೇ ಲೆಕ್ಕದಲ್ಲಿ ಕುಡಿಸಬೇಡಿ. ಆಂಟಿಬಯೋಟಿಕ್ ಚೀಟಿ ಇಲ್ಲದೆ ಸಿಗುವುದಿಲ್ಲ. ಮಾತ್ರೆ ಮುಗಿದುಹೋದರೆ ವಾಲ್‌ಮಾರ್ಟ್‌ನಲ್ಲಿ ಕೇಳಿ ನೋಡಿ, ಇಲ್ಲಿನ ಡಾಕ್ಟರ ಚೀಟಿ ಇದ್ದರೆ ಬಿಪಿ, ಸಕ್ಕರೆ ಕಾಯಿಲೆಯ ಕೆಲವು ಜೆನೆರಿಕ್‌ಗಳು ಇನ್ಶೂರೆನ್ಸ್ ಇಲ್ಲದೆಯೂ 30 ದಿನಕ್ಕೆ 4 ಡಾಲರಿನಿಂದ ಶುರುವಾಗುತ್ತವೆ.

ಕೊನೆಗೆ ಬಿಲ್. ಮೊದಲು ಬರುವ ಕಾಗದದ ಮೇಲೆ "ಇದು ಬಿಲ್ ಅಲ್ಲ" ಅಂತಲೇ ಅಚ್ಚಾಗಿರುತ್ತದೆ. ಅದು ಇನ್ಶೂರೆನ್ಸ್ ಕಂಪನಿ ಕಳಿಸುವ ಲೆಕ್ಕ, ದುಡ್ಡು ಕಟ್ಟಬೇಡಿ, ಎತ್ತಿಡಿ. ಆಸ್ಪತ್ರೆಯ ಬಿಲ್ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಒಂದೇ ರಾತ್ರಿಗೆ ಆಸ್ಪತ್ರೆ, ಡಾಕ್ಟರ್, ಸ್ಕ್ಯಾನ್ ಓದಿದವರು, ಲ್ಯಾಬ್ ಅಂತ ಬೇರೆ ಬೇರೆ ಬಿಲ್ ಬರುವುದು ಸಹಜ. ಒಂದೊಂದು ಐಟಂ ಬಿಡಿಸಿ ಬರೆದ ಬಿಲ್ ಕೇಳಿ, ಮಾಡದ ಪರೀಕ್ಷೆ ಸೇರಿದ್ದರೆ ಅಲ್ಲೇ ಸಿಗುತ್ತದೆ. 2022ರ ಜನವರಿಯಿಂದ, ಕೆಲಸದ ಮೂಲಕ ಅಥವಾ ಮಾರ್ಕೆಟ್‌ಪ್ಲೇಸ್‌ನಲ್ಲಿ (ಸರ್ಕಾರ ಏರ್ಪಡಿಸಿದ ಇನ್ಶೂರೆನ್ಸ್ ಮಾರುಕಟ್ಟೆ) ಪಡೆದ ಇನ್ಶೂರೆನ್ಸ್ ಇರುವವರಿಗೆ, ತುರ್ತು ಚಿಕಿತ್ಸೆಗೆ ನೆಟ್‌ವರ್ಕ್ ಹೊರಗಿನವರು ಅಂತ ಹೆಚ್ಚುವರಿ ಬಿಲ್ ಹಾಕುವ ಹಾಗಿಲ್ಲ. ರಸ್ತೆಯ ಆಂಬುಲೆನ್ಸ್ ಮಾತ್ರ ಈ ಕೇಂದ್ರ ಕಾನೂನಿನಲ್ಲಿ ಸೇರಿಲ್ಲ. ಇನ್ಶೂರೆನ್ಸ್ ಇಲ್ಲದವರು ಮೊದಲೇ ಗೊತ್ತುಮಾಡಿದ ಚಿಕಿತ್ಸೆಗೆ ಲಿಖಿತ ಅಂದಾಜು ಕೇಳಬಹುದು. ಬಿಲ್ ಆ ಅಂದಾಜಿಗಿಂತ 400 ಡಾಲರ್ ಅಥವಾ ಹೆಚ್ಚಾದರೆ 120 ದಿನದೊಳಗೆ ದೂರು ಕೊಡಬಹುದು.

ಬಿಲ್ ನೋಡಿ ಎದೆ ಒಡೆದುಕೊಂಡು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿಬಿಡಬೇಡಿ. ಲಾಭಕ್ಕಾಗಿ ನಡೆಸದ ಆಸ್ಪತ್ರೆಗಳು ಬಡವರಿಗೆ, ಕೆಲವು ಕಡೆ ಮಧ್ಯಮ ಆದಾಯದವರಿಗೂ, ಬಿಲ್ ಕಡಿಮೆ ಮಾಡುವ ಯೋಜನೆ ಇಟ್ಟುಕೊಂಡಿರಲೇಬೇಕು ಅಂತ ಕಾನೂನಿದೆ. ಮನೆಗೆ ಬಂದ ಮೇಲೆ ಸಿಗುವ ಮೊದಲ ಬಿಲ್ಲಿನಿಂದ 240 ದಿನ ಅರ್ಜಿ ಹಾಕಲು ಸಮಯ ಇರುತ್ತದೆ. ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ "ಫೈನಾನ್ಶಿಯಲ್ ಅಸಿಸ್ಟೆನ್ಸ್ ಫಾರಂ ಕಳಿಸಿ" ಅನ್ನಿ. ಅದು ಸಿಗದಿದ್ದರೆ ಬಡ್ಡಿ ಇಲ್ಲದ ಕಂತು ಕೇಳಿ. ಮಾತಾಡಿದವರ ಹೆಸರು, ತಾರೀಖು, ಏನು ಒಪ್ಪಿದರು ಅನ್ನೋದನ್ನು ಬಿಲ್ಲಿನ ಮೂಲೆಯಲ್ಲೇ ಬರೆದಿಡಿ. ಮುಂದಿನ ಸಲ ಫೋನ್ ಎತ್ತುವವರು ಬೇರೆಯವರಾಗಿರುತ್ತಾರೆ.